ಮೊಣಕೈವರೆಗಿನ ನೀಲಿ

"ಗುರುಗಳೇ, ಕಣ್ಣಾರೆ ಕಂಡವನು ಬಂದು ಹೇಳಿದ ಮೇಲೂ ತಾವು ತೀರ್ಪು ಕೊಡದೆ ಕುಳಿತಿದ್ದೀರಲ್ಲ, ಏಕೆ?"

ಕೇಳಿದವನು ಶಿಷ್ಯ ಸಂಗಯ್ಯ. ಅವನ ಗಂಟಲು ಕಟ್ಟಿತ್ತು. ಆ ದಿನ ನಸುಕಿನಲ್ಲಿ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಮುದುಕ ಕೊಳದ ಮೆಟ್ಟಿಲ ಮೇಲೆ ತಲೆಯೊಡೆದು ಸತ್ತಿದ್ದ. ತಳ್ಳಿದವನು ಸಹಪಾಠಿ ಮುರಿಗೆಪ್ಪ ಎಂದು ಸಂಗಯ್ಯ ಹೇಳಿದ್ದ. ಮುರಿಗೆಪ್ಪನನ್ನು ಕೋಣೆಯಲ್ಲಿ ಕೂಡಿಹಾಕಿದ್ದರು. ಗುರುಗಳು ಹೂಂ ಎಂದರೆ ಸಂಜೆಯೊಳಗೆ ಅವನನ್ನು ರಾಜಭಟರಿಗೆ ಒಪ್ಪಿಸುವರು. ಅಲ್ಲಿಂದ ಜೀವಸಹಿತ ತಿರುಗಿ ಬಂದವರಿಲ್ಲ. ತಾನು ಸುಳ್ಳು ಹೇಳುತ್ತಿಲ್ಲವೆಂಬುದು ಸಂಗಯ್ಯನಿಗೆ ಗೊತ್ತಿತ್ತು. ಗುರುಗಳಿಗೂ ಗೊತ್ತಿರಬೇಕಿತ್ತು. ಅದೇ ಅವನ ಸಿಟ್ಟು.

"ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಕೆರೆಯ ತೂಬು ಕಾಯುವವನನ್ನು ಯಾರೋ ಕೊಂದರು. ನಸುಕಿನಲ್ಲಿ ಮಣ್ಣು ಅಗೆಯಲು ಹೋಗಿದ್ದ ಒಬ್ಬ ಕುಂಬಾರಗಿತ್ತಿ ಅದನ್ನು ಕಂಡಳು. ಯಾರೋ ಕೈ ಎತ್ತಿದ, ಹೊಡೆದ, ಓಡಿದ. ಮುಖ ಕಾಣಲಿಲ್ಲ. ಅವಳು ಕಂಡದ್ದು ಇಷ್ಟೇ.

ಆ ಊರಿಗೆ ಏಳು ಬೀದಿ. ಸಾಕ್ಷಿಯಾದವರು ಏಳು ಬೀದಿಯ ಕಟ್ಟೆಗೂ ಹೋಗಿ ಕಂಡದ್ದನ್ನು ಹೇಳಬೇಕೆಂಬುದು ಕಟ್ಟಳೆ. ಏಳು ಕಡೆ ಹೇಳುವಷ್ಟರಲ್ಲಿ ಸುಳ್ಳುಗಾರ ತಡವರಿಸುತ್ತಾನೆ, ನಿಜ ಕಂಡವನು ತಡವರಿಸುವುದಿಲ್ಲ ಎಂದು ಹಿರಿಯರು ನಂಬಿದ್ದರು.

ಮೊದಲ ಕಟ್ಟೆಯಲ್ಲಿ ಅವಳು ತಡವರಿಸಿದಳು. "ಇಷ್ಟೇ ಏನವ್ವಾ? ಎಮ್ಮೆ ಬಾಲ ಎತ್ತಿದ್ದನ್ನು ಕಂಡು ಬಂದೆಯೋ ಏನೋ" ಎಂದು ಒಬ್ಬ ನಕ್ಕ. ಅವಳಿಗೆ ನಾಚಿಕೆಯಾಯಿತು. ಎರಡನೆಯ ಕಟ್ಟೆಯಲ್ಲಿ, ಎತ್ತಿದ ಕೈ ಎಂಥದು, ಯೋಚಿಸಿ ಹೇಳು ಎಂದರು. ಯೋಚಿಸಿದಳು. ಕಪ್ಪಗಿತ್ತು ಎಂದಳು. ಕೈಯಷ್ಟೇ ಕಪ್ಪೋ, ಮೈಯೂ ಕಪ್ಪೋ ಎಂದು ಮೂರನೆಯ ಕಟ್ಟೆಯವರು ಕೇಳಿದರು. ಕೈಯಷ್ಟೇ ಎನಿಸಿತು. ಬಣ್ಣಗಾರನ ಕೈಯ ಹಾಗೆಯೇ ಎಂದು ನಾಲ್ಕನೆಯ ಕಟ್ಟೆಯಲ್ಲಿ ಒಬ್ಬ ಕೇಳಿದ. ಊರಿಗೆ ನೂಲನ್ನು ನೀಲಿಯಲ್ಲಿ ಅದ್ದುವವನು ಒಬ್ಬನೇ ಇದ್ದ. ಕೇಳಿದವನಿಗೆ ಅವನ ಮೇಲೆ ಹಗೆಯೇನೂ ಇರಲಿಲ್ಲ, ಸುಮ್ಮನೆ ಕೇಳಿದ. ಆದರೆ ಮುಂದಿನ ಬೀದಿಯವರೆಗೂ ಆ ಕೈ ಅವಳ ಕಣ್ಣಮುಂದೆ ನಡೆದು ಬಂತು. ಐದನೆಯ ಕಟ್ಟೆಯಲ್ಲಿ ಕೈ ನೀಲಿಯಾಗಿತ್ತು. ಆರನೆಯದರಲ್ಲಿ ಮೊಣಕೈವರೆಗೆ ನೀಲಿ. ಏಳನೆಯ ಕಟ್ಟೆಯಲ್ಲಿ ಅವಳು ಅಳುತ್ತ ಹೇಳಿದಳು, ಒಂದು ಮಾತಿಗೂ ತಡವರಿಸಲಿಲ್ಲ. ಜನ ನಂಬಿದರು. ಅವರಿಗಿಂತ ಮೊದಲೇ ಅವಳು ನಂಬಿದ್ದಳು.

ಬಣ್ಣಗಾರನನ್ನು ಎಳೆತಂದರು. "ಒಡೆಯರೇ, ಆ ಹೊತ್ತಿನಲ್ಲಿ ಯಾವ ಬಣ್ಣವೂ ಕಾಣುವುದಿಲ್ಲ, ಎಲ್ಲ ಬೂದಿ. ನಲವತ್ತು ವರ್ಷ ನಸುಕಿನಲ್ಲೇ ಬಣ್ಣದ ಬಾನಿ ಕಲಕಿದವನು ನಾನು" ಎಂದ.

"ಏಳು ಬೀದಿ ಕೇಳಿದೆಯಪ್ಪ" ಎಂದರು ಹಿರಿಯರು.

ಪ್ರತಿ ಬೀದಿಯೂ ಕೇಳಿದ್ದು ತನ್ನ ಕಟ್ಟೆಯ ಮಾತನ್ನು ಮಾತ್ರ. ಏಳು ಕಟ್ಟೆಗಳಲ್ಲೂ ನಿಂತವಳು ಅವಳೊಬ್ಬಳೇ. ಅವಳಿಗೆ ನೆನಪಿದ್ದದ್ದು ಕೊನೆಯದು ಮಾತ್ರ. ಬಣ್ಣಗಾರನನ್ನು ತೂಬಿನ ಬಳಿಯ ಮರಕ್ಕೇ ನೇತುಹಾಕಿದರು.

ಎರಡು ವರ್ಷದ ಮೇಲೆ ಒಬ್ಬ ಗಾಣಿಗ ಕಾಯಿಲೆಯಿಂದ ಸಾಯುತ್ತ, ಕೊಂದವನು ತಾನೆಂದು ಒಪ್ಪಿಕೊಂಡ. ತೂಬು ಕಾಯುತ್ತಿದ್ದವನ ಸೊಂಟದ ಉಡಿದಾರವನ್ನು ತೆಗೆದು ಕೊಟ್ಟ. ಹಿರಿಯರು ಅದನ್ನು ಕುಂಬಾರಗಿತ್ತಿಯ ಮುಂದೆ ಇಟ್ಟರು. ಅವಳು ತಿರುಗಿಸಿ ನೋಡಿ ಮರಳಿ ಕೊಟ್ಟಳು.

"ಸಾಯುವ ಹೊತ್ತಿಗೆ ಅವನಿಗೆ ಬುದ್ಧಿ ಕೆಟ್ಟಿರಬೇಕು. ಆ ಕೈ ಈಗಲೂ ನನಗೆ ಕಾಣುತ್ತಿದೆಯಲ್ಲ."

ಅವಳು ಸುಳ್ಳು ಹೇಳಲಿಲ್ಲ. ಮಡಕೆ ಮಾಡುವ ತಿಗರಿಯ ಮುಂದೆ ಹೋಗಿ ಕುಳಿತಳು.

ಕತೆ ಮುಗಿಯಿತು. ಸಂಗಯ್ಯನ ಮುಖ ಬಿಗಿಯಿತು.

"ಆ ಹೆಂಗಸಿಗೂ ನನಗೂ ಹೋಲಿಕೆಯೇ, ಗುರುಗಳೇ? ನಾನು ಆ ನಸುಕಿನಲ್ಲಿ ಮುರಿಗೆಪ್ಪನ ಭುಜದ ಮೇಲಿನ ಮಚ್ಚೆಯನ್ನೂ ಕಂಡಿದ್ದೇನೆ."

ಗುರುಗಳು ಅವನನ್ನೇ ನೋಡಿದರು.

"ಬೆಳಗಿನಿಂದ ಎಷ್ಟು ಮಂದಿಗೆ ಹೇಳಿ ನಿನ್ನ ಗಂಟಲು ಹೀಗೆ ಕಟ್ಟಿತು, ಸಂಗಯ್ಯ?"