ಹಸಿ ಬೆಣೆ

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ:

“ಬುದ್ಧಿ, ನನ್ನ ಅಣ್ಣ ಬಸ್ಸು ಓಡಿಸುತ್ತಾನೆ. ಅವನ ಕಣ್ಣು ಮಂಜಾಗಿದೆ, ಯಾರಿಗೂ ಹೇಳಿಲ್ಲ. ಇನ್ನು ಬಸ್ಸು ಮುಟ್ಟಬೇಡ ಎಂದೆ. ಏಕಾಂತದಲ್ಲಿ ಹೇಳಿದೆ, ಮೆತ್ತಗೆ ಹೇಳಿದೆ, ನೀವು ಕಲಿಸಿದ ಹಾಗೆಯೇ. ಅವನು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಇವತ್ತೂ ಬಸ್ಸು ಓಡಿಸುತ್ತಿದ್ದಾನೆ. ನಿಜ ಅವನಿಗೆ ಬೇಡವೇ ಬೇಡವೆ?”

ಗುರು ಹೇಳಿದರು:

ಒಬ್ಬ ವರ್ತಕನಿದ್ದ. ಕಲ್ಲಿನ ವಿಗ್ರಹಗಳನ್ನು ಹಡಗಿನಲ್ಲಿ ಹೊರದೇಶಗಳಿಗೆ ಕಳಿಸುತ್ತಿದ್ದ. ಒಂದು ಸಲ ದೂರದೇಶದ ಆಸ್ಪತ್ರೆಯೊಂದು ತಾಯಿ ಮಗುವಿನ ಶಿಲೆಯನ್ನು ಬಯಸಿತು. ಒಬ್ಬ ಮುದುಕ ಶಿಲ್ಪಿ ಮೂರು ವರ್ಷ ಕೂತು ಅದನ್ನು ಕೆತ್ತಿದ. ಮುಗಿಯುವ ಹೊತ್ತಿಗೆ ಅವನ ಕೈ ನಡುಗತೊಡಗಿತ್ತು. ಇನ್ನೊಂದನ್ನು ಕೆತ್ತುವುದು ಅವನಿಂದ ಆಗುತ್ತಿರಲಿಲ್ಲ.

ಶಿಲೆಗೆ ಮರದ ಪೆಟ್ಟಿಗೆ ಬೇಕು. ಆ ದೇಶದವರು ಹಸಿ ಮರವನ್ನು ಒಳಗೆ ಬಿಡುವುದಿಲ್ಲ. ಮರದೊಳಗಿನ ಹುಳು ಹಡಗಿನಿಂದಿಳಿದು ತಮ್ಮ ಕಾಡನ್ನು ತಿಂದೀತೆಂಬ ಭಯ ಅವರಿಗೆ. ಹಲಗೆಯ ತೊಗಟೆ ತೆಗೆಯಬೇಕು, ಬಿಸಿ ಕೋಣೆಯಲ್ಲಿಟ್ಟು ತಿರುಳಿನವರೆಗೆ ಕಾಯಿಸಬೇಕು, ಕಾಯಿಸಿದ್ದಕ್ಕೆ ಮುದ್ರೆ ಒತ್ತಿಸಬೇಕು. ವರ್ತಕ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿಸಿದ.

ಪೆಟ್ಟಿಗೆ ಮುಚ್ಚುವಾಗ ಶಿಲೆ ಒಂದು ಕೂದಲೆಳೆಯಷ್ಟು ಅಲುಗಾಡಿತು. ಲಾರಿ ಬಾಗಿಲಲ್ಲಿ ನಿಂತಿತ್ತು. ವರ್ತಕ ಹಿತ್ತಲಿಗೆ ಹೋಗಿ ಮಾವಿನ ಕೊಂಬೆಯೊಂದನ್ನು ಕಡಿದು, ಒಂದು ಬೆಣೆ ಮಾಡಿ ತಂದ.

ಬಡಗಿ ಹೇಳಿದ: “ಧಣಿ, ಇದು ಹಸಿ ಮರ, ತೊಗಟೆಯೂ ಹೋಗಿಲ್ಲ. ಕಾಯಿಸಿದ ತುಂಡು ನಾಳೆ ತರುತ್ತೇನೆ.”

“ಇಷ್ಟು ದೊಡ್ಡ ಪೆಟ್ಟಿಗೆಗೆ ಮುದ್ರೆ ಇದೆಯಲ್ಲಯ್ಯ. ಅಂಗೈಯಷ್ಟು ತುಂಡನ್ನು ಯಾರು ಕೇಳುತ್ತಾರೆ?”

“ಹುಳು ಕೇಳುತ್ತದೆ ಧಣಿ. ಅದಕ್ಕೆ ಅಂಗೈಯೇ ಅರಮನೆ.”

ವರ್ತಕ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ತಾನೇ ಬೆಣೆ ಬಡಿದ. ಶಿಲೆ ಅಲುಗಾಡುವುದು ನಿಂತಿತು.

ಹಡಗು ಹೋಗಿ ಮುಟ್ಟಿದಾಗ ವರ್ತಕ ಆ ದೇಶದ ಬಂದರಿನಲ್ಲಿದ್ದ. ಅಧಿಕಾರಿ ಪೆಟ್ಟಿಗೆ ತೆರೆಸಿದ. ಬೆಣೆಯ ಕೆಳಗೆ ಚಿಟಿಕೆಯಷ್ಟು ಮರದ ಹುಡಿ ಬಿದ್ದಿತ್ತು. ಅಧಿಕಾರಿ ಬೆಣೆಯನ್ನು ಕಿತ್ತು ಸೀಳಿದ. ಒಳಗೆ ಹುಳು ಹೊರಳುತ್ತಿತ್ತು. ಅವನು ಪೆಟ್ಟಿಗೆಯ ಮೇಲೆ ಒಳಗೆ ಬಿಡಬಾರದೆಂಬ ಕೆಂಪು ಚೀಟಿ ಅಂಟಿಸಿದ.

ವರ್ತಕ ಪೆಟ್ಟಿಗೆಗೆ ಅಡ್ಡ ನಿಂತ. “ತಪ್ಪು ನನ್ನದು. ಬೆಣೆ ಬಡಿದವನು ನಾನೇ. ಆದರೆ ಇದನ್ನು ಕೆತ್ತಿದವನು ಇನ್ನೊಂದನ್ನು ಕೆತ್ತಲಾರ. ಶಿಲೆಯನ್ನು ಹಾಳು ಮಾಡಬೇಡಿ” ಎಂದ.

ಅಧಿಕಾರಿ ಅವನನ್ನು ವಿಚಿತ್ರವಾಗಿ ನೋಡಿದ. “ಶಿಲೆಯ ಮೇಲೆ ನಮ್ಮ ದೂರೇನಿದೆ? ಕಲ್ಲನ್ನು ಹುಳು ತಿನ್ನುವುದಿಲ್ಲ. ಮರವನ್ನು ಸುಡುತ್ತೇವೆ. ನಿಮ್ಮ ತಾಯಿ ಮಗುವನ್ನು ನೀವು ಕರೆದುಕೊಂಡು ಹೋಗಿ.”

ಬೆಣೆಯ ಜೊತೆಗೆ ಪೆಟ್ಟಿಗೆಯೂ ಬೆಂಕಿಗೆ ಹೋಯಿತು. ಶಿಲೆಯನ್ನು ಕಂಬಳಿಯಲ್ಲಿ ಸುತ್ತಿ ಹೊರಗೆ ತಂದರು. ವರ್ತಕ ಮಗುವಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಹತ್ತೂ ಇದ್ದವು. ಅಲ್ಲೇ ಕಟ್ಟೆಯ ಮೇಲೆ ಕೂತು ಮಗುವಿನಂತೆ ಅತ್ತ. ಆಮೇಲೆ ಊರಿಗೆ ಸುದ್ದಿ ಕಳಿಸಿದ. ಶಿಲ್ಪಿ ಅದನ್ನು ಕೇಳಿ, ಶಿಲೆ ಹಡಗೇರಿದಾಗಿನಿಂದ ಎರಡು ತಿಂಗಳು ಬಾರದ ನಿದ್ದೆಯನ್ನು ನಡುಹಗಲಿನಲ್ಲೇ ಮಾಡಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಹಗುರವಾಗಿತ್ತು.

“ಹಾಗಾದರೆ ನಾನು ಹೇಳಿದ ನಿಜ ಕೆಟ್ಟಿಲ್ಲ ಬುದ್ಧಿ. ಅಣ್ಣನಿಗೆ ಅದರ ಮೇಲೆ ದೂರಿಲ್ಲ. ಇನ್ನೊಮ್ಮೆ ಹೋಗಿ ಹೇಳಬಹುದು.”

“ಹೋಗಿ ಹೇಳು,” ಎಂದರು ಗುರು. “ಆದರೆ ಮೊನ್ನೆ ಮೆತ್ತಗೆ ಎಲ್ಲ ಹೇಳಿ ಮುಗಿಸಿದ ಮೇಲೆ, ಆ ನಿಜ ಅಲುಗಾಡದಿರಲೆಂದು ಕೊನೆಯಲ್ಲಿ ಯಾವ ಹಸಿ ಮಾತನ್ನು ಬಡಿದು ಬಂದೆ?”