ಮೊದಲು ಓಗೊಟ್ಟ ಡಿಸ್ಕು

ಯುನಿಕ್ಸ್ ಕಂಪ್ಯೂಟರಿನ ಪೆಟ್ಟಿಗೆಯೊಳಗೂ ಒಂದು ಸಂಸಾರ ಇರುತ್ತದೆ ಮಕ್ಕಳೇ. ಅಲ್ಲೊಬ್ಬ ಹಳೆಯ ಡಿಸ್ಕಣ್ಣ ಇದ್ದ. ಬೆಳಿಗ್ಗೆ ಯಂತ್ರ ಹೇಗೆ ಏಳಬೇಕು ಅನ್ನೋದೆಲ್ಲ ಅವನ ಹೊಟ್ಟೆಯಲ್ಲೇ ಬರೆದಿತ್ತು. ಅವನ ಪಕ್ಕಕ್ಕೆ ಹೊಸ ಡಿಸ್ಕಮ್ಮ ಬಂದಳು. ಬಲು ಚುರುಕು, ಹೊಟ್ಟೆ ಮಾತ್ರ ಖಾಲಿ.

ದಿನಾ ಡಿಸ್ಕುಗಳನ್ನು ಕರೆದು ನಂಬರು ಕೊಡುವುದು ಡ್ರೈವರಪ್ಪನ ಕೆಲಸ.

"ಈ ಮುದುಕನಿಗೇಕೆ ಒಂದನೇ ನಂಬರು?" ಎಂದು ಹೊಸಬಳು ಹೊಟ್ಟೆ ಉರಿದುಕೊಂಡಳು.

"ಮೊದಲು ಓಗೊಟ್ಟವರಿಗೆ ಒಂದು. ನನಗಿರುವ ಅಪ್ಪಣೆ ಅಷ್ಟೇ ತಾಯಿ," ಎಂದ ಡ್ರೈವರಪ್ಪ.

ಮಾರನೆಯ ಬೆಳಿಗ್ಗೆ ಮುದುಕ ಗಿರ್ರೆಂದು ತಿರುಗಿ ಏಳುವಷ್ಟರಲ್ಲಿ ಅವಳು "ಬಂದೆ!" ಎಂದು ಕೂಗಿಬಿಟ್ಟಳು. ಒಂದನೇ ನಂಬರು ಅವಳಿಗೇ ಹೋಯಿತು.

"ಒಂದನೆಯವರೇ, ನಾನು ಹೇಗೆ ಏಳಲಿ?" ಎಂದು ಕೇಳಿತು ಯಂತ್ರ.

ಅವಳು ತುಟಿ ಬಿಚ್ಚಲಿಲ್ಲ. ಗೊತ್ತಿಲ್ಲವೆಂದರೆ ನಂಬರು ಮುದುಕನಿಗೆ ಹೋದೀತಲ್ಲ! ಮುದುಕನಿಗೆ ಗೊತ್ತಿತ್ತು, ಆದರೆ ಎರಡನೆಯವನನ್ನು ಕೇಳುವವರಿಲ್ಲ. ಯಂತ್ರ ಕಣ್ಣು ಬಿಡದೆ ಬಿದ್ದುಕೊಂಡಿತು.

ಅದನ್ನು ನೋಡಿಕೊಳ್ಳುವ ಸುಗುಣಾಬಾಯಿ ಓಡಿ ಬಂದು, ಡ್ರೈವರಪ್ಪನ ಅಪ್ಪಣೆಯ ಚೀಟಿಯನ್ನೇ ತಿದ್ದಿದಳು: "ಯಾರು ಮೊದಲು ಕೂಗಿದರೂ ಹಳಬನೇ ಒಂದು, ಹೊಸಬಳು ಎರಡು." ಯಂತ್ರ ಎದ್ದು ಕೂತಿತು.

ಚಾಳಿ ಬಿಟ್ಟಾಳೆಯೇ? ಮರುದಿನವೂ "ಬಂದೆ! ಬಂದೆ!" ಎಂದು ಕಿರುಚಿದಳು.

"ಕೂಗಮ್ಮ, ಚೆನ್ನಾಗಿ ಕೂಗು," ಎಂದ ಮುದುಕ ಆಕಳಿಸುತ್ತ. "ಈಗ ನಿನ್ನ ಕೂಗಿಗೇ ನನಗೆ ಎಚ್ಚರವಾಗೋದು."