ಮೂರು ಸಹಿಯ ಚೀಟಿ

ನನ್ನ ದಿನಚರಿಯಲ್ಲಿ ೧೯೭೧ರ ಜೂನ್ ೮, ಮಂಗಳವಾರ ಬೆಳಿಗ್ಗೆ ಬರೆದದ್ದು ಇಷ್ಟೇ: ‘ಇಂದು ಹೊಳೆಯಲ್ಲಿ ಯುದ್ಧದಾಟ. ನಿಯಮ ಹದಿನೇಳು. ಎರಡು ಸಲ ಓದಿ ನೋಡಿದೆ, ಲೋಪವಿಲ್ಲ.’

ಹೊಸ ನೀರು ಬರುವ ಮುಂಚೆ, ಹೊಳೆ ಒಣಗಿರುವಾಗ, ನಮ್ಮ ಆಶ್ರಮದಲ್ಲಿ ವರ್ಷಕ್ಕೊಮ್ಮೆ ಈ ಆಟ ನಡೆಯುತ್ತಿತ್ತು. ಶಿಷ್ಯರಲ್ಲಿ ಎರಡು ಪಡೆ. ಒಂದೊಂದು ಪಡೆಗೆ ಒಂದು ಬಾವುಟ, ಮೂವರು ದಳಪತಿಗಳು. ಅವರು ದಂಡೆಯ ಮೇಲಿನ ಮಂಟಪದಲ್ಲಿ ಪರದೆಯ ಹಿಂದೆ ಕೂರಬೇಕು, ಹೊಳೆಯತ್ತ ನೋಡುವಂತಿಲ್ಲ. ಓಟಗಾರರು ತರುವ ಸುದ್ದಿ ಕೇಳಿ, ಚೀಟಿಯಲ್ಲಿ ಆಜ್ಞೆ ಬರೆದು ಕಳಿಸಬೇಕು.

ಕಾಣದ್ದನ್ನು ಕೂಡಿ ನಿರ್ಧರಿಸುವುದು ಕಲಿಯಲಿ ಎಂದು ಗುರುಗಳು ಹಚ್ಚಿದ ಆಟ ಅದು. ಅವರನ್ನು ನಾವೆಲ್ಲ ಅಜ್ಜಾರು ಎನ್ನುತ್ತಿದ್ದೆವು.

ಹಿಂದಿನ ವರ್ಷ ಒಬ್ಬ ದಳಪತಿ ಮುಂದೆ ಹೋಗಿ ಎಂದಿದ್ದ, ಇನ್ನೊಬ್ಬ ನಿಲ್ಲಿ ಎಂದಿದ್ದ. ಪಡೆ ಗಾಣದ ಎತ್ತಿನಂತೆ ಸುತ್ತಿತು. ನೋಡಲು ಬಂದ ಊರವರು ನಕ್ಕರು.

ಈ ಸಲ ಆಟ ಕಟ್ಟುವ ಹೊಣೆ ನನ್ನದು. ಬಿ.ಎ. ಪಾಸಾದವಳು ಅಲ್ಲಿ ನಾನೊಬ್ಬಳೇ. ನನ್ನ ಕೈಯಲ್ಲೂ ಹಾಗೇ ಆದರೆ ಎಂಬ ಭಯಕ್ಕೆ ವಾರವಿಡೀ ಊಟ ಸೇರಲಿಲ್ಲ. ಕೊನೆಗೆ ಒಂದು ನಿಯಮ ಮಾಡಿದೆ. ಮೂವರ ಸಹಿ ಇಲ್ಲದ ಚೀಟಿ ನಡೆಯದು. ಚೀಟಿ ಇಲ್ಲದೆ ಬಾವುಟ ಕದಲಿದರೆ ಆ ಪಡೆ ಸೋತಂತೆ.

ಅಜ್ಜಾರು ಓದಿದರು.

“ಮೂವರಿಗೂ ಒಮ್ಮತ ಆಗಲಿಲ್ಲ ಅಂದ್ರ?”

“ಬಾವುಟ ಹಿಡಿದಾಂವ ನಿಲ್ಲಬೇಕ್ರಿ.”

“ಎಷ್ಟೊತ್ತು?”

“ಚೀಟಿ ಬರೂತನಕ.”

“ನಿನಗ ಯಾರ ಅಂಜಿಕಿ, ನೀಲವ್ವಾ?”

ಅಂಜಿಕೆಯಲ್ಲ, ಶಿಸ್ತು ಎಂದೆ. ಅವರು ಹಾಳೆಯನ್ನು ನನ್ನ ಕೈಗೆ ಕೊಟ್ಟು, ದಂಡೆಯ ಕಲ್ಲಿನ ಮೇಲೆ ಹೋಗಿ ಕೂತರು.

ಕೆಂಪು ಬಾವುಟ ದುಂಡಪ್ಪನ ಕೈಗೆ ಬಂತು. ಹೊಳೆಯ ನಡುವಿನ ಮರಳುದಿಬ್ಬ ಅವನ ಠಾಣೆ. ಜೊತೆಗೆ ಐವರು.

“ಅಕ್ಕಾರ, ಬಿ.ಎ. ಓದಿದವರ ಯುದ್ಧದಾಗ ಸಾಯಾಕೂ ಅರ್ಜಿ ಹಾಕಬೇಕೇನ್ರಿ?” ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಸಹಿಗಳನ್ನು ನೋಡಿಕೊಳ್ಳಲು ನಾನು ಪರದೆಯೊಳಗೇ ನಿಂತಿದ್ದೆ. ಆಟ ನಿಲ್ಲಿಸುವ ಸೀಟಿ ನನ್ನ ಕೊರಳಲ್ಲಿತ್ತು.

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಮಳೆಯಾಗಿದ್ದು ಮೇಲಿನ ಸೀಮೆಯಲ್ಲಿ.

ಮೊದಲ ಓಟಗಾರ ಬಂದು, ದಿಬ್ಬದ ಸುತ್ತ ಮರಳು ಒದ್ದೆಯಾಗಿದೆ, ದುಂಡಪ್ಪ ಹಿಂದೆ ಬರಲು ಆಜ್ಞೆ ಕೇಳುತ್ತಿದ್ದಾನೆ ಎಂದ. ಕೆಂಪು ಪಡೆಯ ದಳಪತಿಗಳಲ್ಲಿ ಇಬ್ಬರು ಸಹಿ ಹಾಕಿದರು. ಮೂರನೆಯವ ರಾಚಪ್ಪ ಹಾಕಲಿಲ್ಲ. ಇದು ಎದುರಾಳಿಗಳು ಹಬ್ಬಿಸಿದ ಸುಳ್ಳು, ದಿಬ್ಬ ಬಿಟ್ಟರೆ ಆಟವೇ ಹೋಯಿತು ಎಂದು ವಾದಿಸಿದ.

ನನ್ನ ಕೈ ಸೀಟಿಯ ಮೇಲಿತ್ತು. ಸುದ್ದಿ ಸುಳ್ಳಾಗಿದ್ದರೆ ಊರವರು ಮತ್ತೆ ನಗುತ್ತಾರೆ. ಮಾತಾಡಿ ಒಮ್ಮತಕ್ಕೆ ಬನ್ನಿ ಎಂದೆ.

ಎರಡನೆಯ ಓಟಗಾರನ ಧೋತರ ಹೊಸ ನೀರಿಗೆ ತೊಯ್ದು ಮೊಣಕಾಲಿನವರೆಗೆ ಕೆಂಪಾಗಿತ್ತು.

ರಾಚಪ್ಪ ಸಹಿ ಹಾಕಿದ. ನಾನು ಪರದೆ ಸರಿಸಿ ಹೊರಗೆ ಬಂದೆ. ದಂಡೆಯಿಂದ ದಂಡೆಗೆ ನೀರು. ಅಜ್ಜಾರು ಎದೆಮಟ್ಟದ ನೀರಲ್ಲಿ ನಿಂತು ಒಬ್ಬೊಬ್ಬರನ್ನೇ ಎಳೆದುಕೊಳ್ಳುತ್ತಿದ್ದರು. ಐವರು ಬಂದರು.

ಆಮೇಲೆ ಆ ಐವರೇ ಹೇಳಿದರು: ಅಜ್ಜಾರು ಕೂಗಿದಾಗ ದುಂಡಪ್ಪ ಇವರನ್ನು ದಬ್ಬಿ ಕಳಿಸಿದ್ದ. ಬಾವುಟ ನಿಂತಿದ್ದರೆ ಸಾಕು, ಪಡೆ ಸೋಲುವುದಿಲ್ಲ, ಚೀಟಿ ಇನ್ನೇನು ಬರುತ್ತದೆ ಎಂದಿದ್ದ.

ನನಗೆ ಕಂಡದ್ದು ಬಾವುಟ ಮಾತ್ರ. ನಾನು ಸೀಟಿ ಊದಿದೆ. ಊದುತ್ತಲೇ ಇದ್ದೆ.

ಮೂರನೆಯ ದಿನ ಎರಡು ಹರದಾರಿ ಕೆಳಗೆ ಜಾಲಿಯ ಪೊದೆಯಲ್ಲಿ ದುಂಡಪ್ಪ ಸಿಕ್ಕ.

ಮಣ್ಣು ಮಾಡಿ ಬಂದ ಮೇಲೆ ನಾನು ಆಶ್ರಮದ ದಾಖಲೆಗೆ ಆದದ್ದನ್ನೆಲ್ಲ ಬರೆದೆ. ಕೆಳಗೆ, ತಪ್ಪಿಗೆ ಹೊಣೆಯಾದವರು ಎಂದು ನಾಲ್ಕು ಹೆಸರು ಹಾಕಿದೆ. ಮೂವರು ದಳಪತಿಗಳು, ನಾನು. ಒಯ್ದು ಅಜ್ಜಾರ ಮುಂದಿಟ್ಟೆ.

ಅವರು ಓದಿದರು. ಪೆನ್ನು ಕೇಳಿ ತೆಗೆದುಕೊಂಡು, ನಾಲ್ಕರ ಕೆಳಗೆ ತಮ್ಮ ಹೆಸರು ಬರೆದರು.

“ನಿಯಮ ನಾನೂ ಓದಿದ್ದೆ” ಎಂದರು.

ನನಗೆ ಉಸಿರು ಬಂದಂತಾಯಿತು. ನಾಚಿಕೆಯಿಲ್ಲದೆ ಕೇಳಿದೆ.

“ಅಜ್ಜಾರ, ಐದು ಮಂದಿ ಹಂಚಿಕೊಂಡ್ರ ನನ್ನ ಪಾಲು ಕಡಿಮಿ ಆಗ್ತದೇನ್ರಿ?”

ಅವರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

“ದುಂಡಪ್ಪಗ ಇಪ್ಪತ್ತೆರಡು ವರ್ಷ ಆಗಿತ್ತು, ನೀಲವ್ವಾ. ಅಂವ ಪೂರಾ ಸತ್ತಾನ.”